ಮನೆ ತುಂಬ ಚೆಸ್: ಯೋರ್ಡನ್ ವಾನ್ ಫೊರೇಸ್ಟ್ ಮತ್ತು ಅವನ ಮನೆತನ

ಹಾಲೆಂಡಿನ ಚೆಸ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಅನೀಶ್ ಗಿರಿ. ಅದಕ್ಕೆ ಕಾರಣವೂ ಇದೆ. ಹೆಸರು ಕೇಳಿದರೆ ಪಕ್ಕದ ಬೀದಿಯ ಹುಡುಗನ ಹಾಗಿದೆ, "ಅವನು ನಮ್ಮವನಾ?" ಅಂತ ಕೇಳದವರೇ ಇಲ್ಲ. ಗಿರಿ ಬಗ್ಗೆ ಆಮೇಲೆ ಹೇಳುತ್ತೇನೆ, ಹೇಳಲೇಬೇಕು. ಆದರೆ ಇವತ್ತು ನಾನು ಮಾತಾಡಲು ಬಂದಿರುವುದು ಇನ್ನೊಬ್ಬ ಡಚ್ ಗ್ರ್ಯಾಂಡ್‌ಮಾಸ್ಟರ್ ಬಗ್ಗೆ. ಅವನ ಹೆಸರು ಯೋರ್ಡನ್ ವಾನ್ ಫೊರೇಸ್ಟ್. ಹುಟ್ಟಿದ್ದು 1999ರ ಏಪ್ರಿಲ್ 30ರಂದು, ಉಟ್ರೆಕ್ಟ್‌ನಲ್ಲಿ. ಇಲ್ಲಿ ಮಕ್ಕಳನ್ನು ಕರ್ಕೊಂಡು ಬಂದಿರುವ ಅಪ್ಪ ಅಮ್ಮಂದಿರೇ ಜಾಸ್ತಿ ಇದ್ದೀರಿ, ಹಾಗಾಗಿ ಅವನ ಆಟಕ್ಕಿಂತ ಅವನ ಮನೆಯ ಕಥೆ ನಿಮಗೆ ಹೆಚ್ಚು ಹಿಡಿಸಬಹುದು.

ಮೊದಲು ಒಂದು ದಿನದ ಕಥೆ. 2021ರ ಜನವರಿ 31. ಊರು ವೈಕ್ ಆನ್ ಜೀ, ಉತ್ತರ ಸಮುದ್ರದ ದಂಡೆಯ ಮೇಲಿನ ಒಂದು ಪುಟ್ಟ ಹಳ್ಳಿ. ಅಲ್ಲಿ ಪ್ರತಿ ವರ್ಷ ಜನವರಿ ಚಳಿಯಲ್ಲಿ ಟಾಟಾ ಸ್ಟೀಲ್ ಟೂರ್ನಿ ನಡೆಯುತ್ತದೆ. ಹೌದು, ನಮ್ಮ ಟಾಟಾನೇ. ಹಳ್ಳಿಯ ಪಕ್ಕದಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಇದೆ. ಹಿಂದೆ ಅದರ ಹೆಸರು ಹೂಗೊವೆನ್ಸ್, ಆಮೇಲೆ ಕೋರಸ್ ಆಯಿತು, 2007ರಲ್ಲಿ ಕೋರಸ್ ಅನ್ನು ಟಾಟಾ ಸ್ಟೀಲ್ ಕೊಂಡುಕೊಂಡಿತು. ಟೂರ್ನಿ ಶುರುವಾಗಿದ್ದು 1938ರಲ್ಲಿ, ಪಕ್ಕದ ಬೆವರ್‌ವೈಕ್‌ನಲ್ಲಿ, ಕಾರ್ಖಾನೆಯವರದೇ ಒಂದು ಸಣ್ಣ ಪಂದ್ಯವಾಗಿ. ಮಹಾಯುದ್ಧ ಮುಗಿದ ಮೇಲೆ ಊಟಕ್ಕೇ ಕಷ್ಟ ಇದ್ದ ಕಾಲದಲ್ಲಿ ಟೂರ್ನಿಯ ಕೊನೆಯ ಔತಣದಲ್ಲಿ ಬಟಾಣಿ ಸೂಪ್ ಬಡಿಸಿದ್ದರಂತೆ. ಈಗ ಕಷ್ಟ ಹೋಗಿದೆ, ಸೂಪ್ ಮಾತ್ರ ಉಳಿದಿದೆ. ವಿಶ್ವ ಚಾಂಪಿಯನ್ ಗೆದ್ದರೂ ಸಮಾರೋಪಕ್ಕೆ ಬಟಾಣಿ ಸೂಪೇ. ನನಗೆ ಈ ಟೂರ್ನಿ ಇಷ್ಟ ಆಗುವುದೇ ಇಂಥ ವಿಷಯಗಳಿಗೆ. ಅಲ್ಲಿ ದೊಡ್ಡ ಆಟಗಾರರು ಆಡುವ ಹಾಲ್‌ನಲ್ಲೇ ನೂರಾರು ಸಾಮಾನ್ಯ ಜನ, ಮೇಷ್ಟ್ರು, ಅಂಚೆಯವರು, ಶಾಲೆ ಮಕ್ಕಳು, ಅವರವರ ಮಟ್ಟದ ಗುಂಪಿನಲ್ಲಿ ಕೂತು ಆಡುತ್ತಾರೆ. ನಮ್ಮ ವಿಶ್ವನಾಥನ್ ಆನಂದ್ ಈ ಟೂರ್ನಿಯನ್ನು 5 ಸಲ ಗೆದ್ದಿದ್ದಾರೆ.

2021ರಲ್ಲಿ ಮಾತ್ರ ಕೋವಿಡ್. ಜನರಿಲ್ಲ, ಹವ್ಯಾಸಿ ಆಟಗಾರರಿಲ್ಲ, ಖಾಲಿ ಹಾಲ್‌ನಲ್ಲಿ 14 ಜನ ಮಾಸ್ಟರ್‌ಗಳು. ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಇದ್ದ, ಕರುವಾನ ಇದ್ದ, ಆಗಿನ್ನೂ ಹುಡುಗನಾಗಿದ್ದ ಫಿರೂಜಾ ಇದ್ದ, ನಮ್ಮ ಹರಿಕೃಷ್ಣ ಇದ್ದರು. ಯೋರ್ಡನ್‌ಗೆ ಆಗ 21 ವರ್ಷ. ರೇಟಿಂಗ್, ಅಂದರೆ ಆಟಗಾರನ ಬಲ ತೋರಿಸುವ ಅಂಕ, 2700 ಕೂಡ ಮುಟ್ಟಿರಲಿಲ್ಲ. ಇವನು ಗೆಲ್ಲುತ್ತಾನೆ ಅಂತ ಯಾರೂ ಬಾಜಿ ಕಟ್ಟಿರಲಿಲ್ಲ. 13 ಸುತ್ತು ಮುಗಿದಾಗ ನೋಡಿದರೆ ಮೇಲೆ ಇಬ್ಬರೇ, ಇಬ್ಬರಿಗೂ ಎಂಟೂವರೆ ಅಂಕ. ಒಬ್ಬ ಅನೀಶ್ ಗಿರಿ, ಇನ್ನೊಬ್ಬ ಯೋರ್ಡನ್. ಕಾರ್ಲ್‌ಸನ್ ಏಳೂವರೆಯಲ್ಲಿ ಕೆಳಗೆ ಉಳಿದಿದ್ದ.

ಈಗ ಟೈಬ್ರೇಕ್. ಇಲ್ಲೊಂದು ರಂಪ ಆಯಿತು. ಫಿರೂಜಾನ ಕೊನೆಯ ಆಟ ಇನ್ನೂ ನಡೀತಾ ಇತ್ತು. ಟೈಬ್ರೇಕ್ ಶುರು ಮಾಡುವ ಅವಸರದಲ್ಲಿ, ಬೇರೆ ಟೇಬಲ್ಲಿಗೆ ಹೋಗಿ ಆಡ್ತೀಯಾ ಅಂತ ಅವನನ್ನು ಕೇಳಿದರು. ಅದೂ ಅವನ ಗಡಿಯಾರ ಓಡುತ್ತಿರುವಾಗ! ಅವನಿಗೆ ಸಿಟ್ಟು ಬಂತು, ಆಟ ಡ್ರಾ ಆಯಿತು, ಆಮೇಲೆ ಸಂಘಟಕರು ಕ್ಷಮೆ ಕೇಳಿದರು. ತಪ್ಪು ಸಂಘಟಕರದೇ, ಅದರಲ್ಲಿ ಎರಡು ಮಾತಿಲ್ಲ. ಪರೀಕ್ಷೆ ಬರೆಯುತ್ತಿರುವ ಮಗುವನ್ನು ಬೆಂಚು ಬದಲಾಯಿಸು ಅಂತ ಯಾರಾದರೂ ಎಬ್ಬಿಸುತ್ತಾರಾ?

ಸರಿ, ಟೈಬ್ರೇಕ್. ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದ ಆಟಗಳಲ್ಲಿ ಇತ್ಯರ್ಥ ಆಗಲಿಲ್ಲ. ಕೊನೆಗೆ ಆರ್ಮಗೆಡನ್. ಇದು ಗೊತ್ತಿಲ್ಲದ ಮಕ್ಕಳಿಗೆ ಹೇಳಿಬಿಡುತ್ತೇನೆ. ಆರ್ಮಗೆಡನ್‌ನಲ್ಲಿ ಬಿಳಿ ಕಾಯಿಯವನಿಗೆ ಗಡಿಯಾರದಲ್ಲಿ ಸಮಯ ಜಾಸ್ತಿ, ಕಪ್ಪಿನವನಿಗೆ ಕಡಿಮೆ. ಆದರೆ ಆಟ ಡ್ರಾ ಆದರೆ ಕಪ್ಪಿನವನು ಗೆದ್ದ ಹಾಗೆ. ಅಂದರೆ ಬಿಳಿಯವನು ಗೆಲ್ಲಲೇಬೇಕು, ಕಪ್ಪಿನವನು ಸೋಲದೆ ಇದ್ದರೆ ಸಾಕು. ಎರಡು ವಾರ ದಿನಕ್ಕೆ ಐದಾರು ಗಂಟೆ ಕೂತು ತಲೆ ಕೆಡಿಸಿಕೊಂಡು ಆಡಿದ ಟೂರ್ನಿ ಕೊನೆಗೆ ಕೆಲವೇ ನಿಮಿಷದ ಗದ್ದಲದಲ್ಲಿ ತೀರ್ಮಾನ ಆಗುತ್ತದೆ. ಕೈ ನಡುಗುತ್ತದೆ, ಕಾಯಿ ಬೀಳುತ್ತದೆ, ಯಾರು ಎಲ್ಲಿ ನಡೆಸಿದರು ಅಂತ ನೋಡುವವರಿಗೆ ಗೊತ್ತಾಗುವಷ್ಟರಲ್ಲಿ ಮುಂದಿನ ನಡೆ ಆಗಿಹೋಗಿರುತ್ತದೆ. ಇದು ನ್ಯಾಯವಾ ಅಂತ ನನ್ನನ್ನು ಕೇಳಿದರೆ, ಅಲ್ಲ. ನೋಡಲು ಮಜಾ ಇದೆಯಾ ಅಂದರೆ, ಭಾರೀ ಮಜಾ ಇದೆ. ಆ ಆಟದಲ್ಲಿ ಯೋರ್ಡನ್ ಗೆದ್ದ. ಗಿರಿ ತಲೆ ಹಿಡಿದುಕೊಂಡ.

ಡಚ್ಚರ ನೆಲದಲ್ಲೇ ನಡೆಯುವ ಈ ಟೂರ್ನಿಯನ್ನು ಡಚ್ ಆಟಗಾರನೊಬ್ಬ ಅದಕ್ಕೂ ಹಿಂದೆ ಗೆದ್ದಿದ್ದು ಯಾವಾಗ ಗೊತ್ತಾ? 1985ರಲ್ಲಿ, ಯಾನ್ ಟಿಮ್ಮನ್. 36 ವರ್ಷ! ಅಷ್ಟು ವರ್ಷ ಕಾದು ಕಾದು, ಕೊನೆಗೆ ಟೈಬ್ರೇಕ್‌ಗೆ ಇಬ್ಬರೂ ಡಚ್ಚರೇ ಬಂದಿದ್ದರು.

ಈಗ ಮನೆತನಕ್ಕೆ ಬರೋಣ. ವಾನ್ ಫೊರೇಸ್ಟ್ ಅನ್ನುವುದು ಹಾಲೆಂಡಿನ ಹಳೇ ಮನೆತನ. ಹೆಸರಿಗೆ ಮೊದಲು 'ಯೋಂಕ್‌ಹೇರ್' ಅಂತ ಸೇರಿಸುವ ಕುಲೀನರ ಸಾಲಿಗೆ ಸೇರಿದವರು. ಈ ಮನೆಯಲ್ಲಿ 19ನೇ ಶತಮಾನದ ಕೊನೆಯಲ್ಲಿ ಇಬ್ಬರು ಅಣ್ಣ ತಮ್ಮಂದಿರಿದ್ದರು. ಅಣ್ಣ ಡಿರ್ಕ್, ಹುಟ್ಟಿದ್ದು 1862. ತಮ್ಮ ಆರ್ನಾಲ್ಡ್, 1863. ಡಿರ್ಕ್ 1885, 1886, 1887, ಸತತ ಮೂರು ವರ್ಷ ಡಚ್ ಚಾಂಪಿಯನ್. ಆರ್ನಾಲ್ಡ್ 1889, 1893 ಮತ್ತು 1902ರಲ್ಲಿ ಚಾಂಪಿಯನ್. ಒಟ್ಟು ಆರು ಸಲ ಒಂದೇ ಮನೆಗೆ. (ಆಗಿನ ಚಾಂಪಿಯನ್‌ಷಿಪ್‌ಗಳನ್ನು ಈಗ ಅನಧಿಕೃತ ಅಂತ ಲೆಕ್ಕ ಹಾಕುತ್ತಾರೆ, ಅಧಿಕೃತವಾಗಿ ಶುರುವಾಗಿದ್ದು 1909ರಿಂದ. ಆದರೆ ಆಡಿದವರಿಗೆ ಅದೇನೂ ಗೊತ್ತಿರಲಿಲ್ಲವಲ್ಲ!) ಆ ಕಾಲ ಹೇಗಿತ್ತು ಅಂತ ಒಂದು ಅಂದಾಜು ಸಿಗಲಿ: ಆರ್ನಾಲ್ಡ್ ಮೊದಲ ಸಲ ಚಾಂಪಿಯನ್ ಆದ ಆ 1889ರಲ್ಲೇ, ಆಮ್‌ಸ್ಟರ್‌ಡಾಮ್‌ನಲ್ಲಿ ಲಾಸ್ಕರ್ ಅನ್ನುವ 20 ವರ್ಷದ ಹುಡುಗ ಬಾವರ್ ಎದುರು ಎರಡೂ ಒಂಟೆಗಳನ್ನು (ಬಿಷಪ್) ಒಂದರ ಹಿಂದೆ ಒಂದು ಬಲಿಕೊಟ್ಟು ಗೆದ್ದ. ನಿಮ್ಮ ಮಕ್ಕಳು ಇವತ್ತಿಗೂ ಕ್ಲಾಸಿನಲ್ಲಿ ಕಲಿಯುವ ಆಟ ಅದು.

ಆ ಆರ್ನಾಲ್ಡ್‌ನ ಮರಿಮೊಮ್ಮಗನ ಮಗ ನಮ್ಮ ಯೋರ್ಡನ್.

ಇಲ್ಲಿಗೆ ಬಂದ ಕೂಡಲೇ ಎಲ್ಲರೂ ಒಂದೇ ಮಾತು ಹೇಳುತ್ತಾರೆ. "ರಕ್ತದಲ್ಲೇ ಬಂದಿದೆ ಬಿಡಿ." ಪತ್ರಿಕೆಗಳಲ್ಲೂ ಅದೇ ಧಾಟಿ. ನನಗೆ ಈ ಮಾತಿನ ಮೇಲೆ ನಂಬಿಕೆ ಇಲ್ಲ, ಯಾಕೆ ಅಂತ ಹೇಳುತ್ತೇನೆ. ಡಚ್ ಚಾಂಪಿಯನ್ನರ ಪಟ್ಟಿ ತೆಗೆದು ನೋಡಿ. ವಾನ್ ಫೊರೇಸ್ಟ್ ಅನ್ನುವ ಹೆಸರು 1902ರಲ್ಲಿ ಬರುತ್ತದೆ. ಮತ್ತೆ ಬರುವುದು 2016ರಲ್ಲಿ, ಯೋರ್ಡನ್ 17ನೇ ವಯಸ್ಸಿಗೆ ಚಾಂಪಿಯನ್ ಆದಾಗ. ನಡುವೆ 114 ವರ್ಷ. ರಕ್ತದಲ್ಲೇ ಇದ್ದಿದ್ದರೆ ಅಷ್ಟೂ ವರ್ಷ ಅದು ಎಲ್ಲಿ ಮಲಗಿತ್ತು? ಆಮೇಲೆ ಇನ್ನೊಂದು ಲೆಕ್ಕ. ಮುತ್ತಜ್ಜನ ಅಪ್ಪನಿಂದ ಒಬ್ಬ ಹುಡುಗನಿಗೆ ಬರುವ ಪಾಲು ಎಷ್ಟು? ಹದಿನಾರರಲ್ಲಿ ಒಂದು. ಅಷ್ಟರಲ್ಲಿ ಆರ್ನಾಲ್ಡ್‌ನ ಚೆಸ್ ಮಾತ್ರ ಹುಡುಕಿಕೊಂಡು ಇಳಿದು ಬಂತು ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು.

ಹಾಗಾದರೆ ಏನು? ನನ್ನ ಪ್ರಕಾರ ಉತ್ತರ ಮುತ್ತಜ್ಜನಲ್ಲಿ ಇಲ್ಲ, ಅವನ ತಮ್ಮಂದಿರು, ತಂಗಿಯಲ್ಲಿ ಇದೆ. ಯೋರ್ಡನ್‌ನ ಅಪ್ಪ ಅಮ್ಮನಿಗೆ ಆರು ಮಕ್ಕಳು. ಯೋರ್ಡನ್ ಹಿರಿಯವನು. ಆರೂ ಮಕ್ಕಳು ಚೆಸ್ ಆಡುತ್ತಾರೆ! ಎರಡು ವರ್ಷ ಚಿಕ್ಕವನಾದ ಲೂಕಾಸ್ ಕೂಡ ಗ್ರ್ಯಾಂಡ್‌ಮಾಸ್ಟರ್. 2007ರಲ್ಲಿ ಹುಟ್ಟಿದ ಕಿರಿಯ ತಂಗಿ ಮಾಖ್ಟೆಲ್ಡ್ ಕೂಡ ಹಾಲೆಂಡಿನಲ್ಲಿ ಹೆಸರು ಮಾಡಿದ ಆಟಗಾರ್ತಿ. ಇವರು ಬೆಳೆದಿದ್ದು ದೇಶದ ಉತ್ತರ ಭಾಗದಲ್ಲಿ, ಗ್ರೋನಿಂಗನ್ ಕಡೆ. ಅಲ್ಲೂ ವರ್ಷದ ಕೊನೆಗೆ ಹಳೆಯ ಚೆಸ್ ಉತ್ಸವ ನಡೆಯುತ್ತದೆ.

ಈಗ ಯೋಚನೆ ಮಾಡಿ. ನಿಮ್ಮ ಮಗುವಿಗೆ ಸರಿಸಮನಾದ ಎದುರಾಳಿ ಬೇಕು ಅಂದರೆ ನೀವೇನು ಮಾಡುತ್ತೀರಿ? ಭಾನುವಾರ ಬೆಳಗ್ಗೆ ಎಬ್ಬಿಸಿ, ಟಿಫಿನ್ ಕಟ್ಟಿಕೊಂಡು, ಊರಿನ ಇನ್ನೊಂದು ತುದಿಗೆ ಟೂರ್ನಿಗೆ ಕರ್ಕೊಂಡು ಹೋಗುತ್ತೀರಿ. ಹಾಲ್‌ನ ಹೊರಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಇಡೀ ದಿನ ಕಾಯುತ್ತೀರಿ. ಯೋರ್ಡನ್‌ಗೆ ಎದುರಾಳಿ ಮನೆಯಲ್ಲೇ ಇದ್ದ, ತನಗಿಂತ ಎರಡೇ ವರ್ಷ ಚಿಕ್ಕವನು. ಚಿಕ್ಕವನಿಗೆ ದೊಡ್ಡವನನ್ನು ಸೋಲಿಸುವ ಹಠ, ದೊಡ್ಡವನಿಗೆ ಚಿಕ್ಕವನ ಕೈಲಿ ಸೋಲಬಾರದು ಅನ್ನುವ ಹಠ. ಇದಕ್ಕಿಂತ ಒಳ್ಳೆ ಕೋಚಿಂಗ್ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಆ ಹಠ ಎಲ್ಲಿಗೆ ಬಂದು ನಿಂತಿತು ನೋಡಿ. 2019ರ ಡಚ್ ಚಾಂಪಿಯನ್‌ಷಿಪ್‌ನಲ್ಲಿ ಪ್ರಶಸ್ತಿಗಾಗಿ ಪ್ಲೇಆಫ್ ಆಡಿದ್ದು ಯೋರ್ಡನ್ ಮತ್ತು ಲೂಕಾಸ್. ಗೆದ್ದಿದ್ದು ತಮ್ಮ. ಲೂಕಾಸ್‌ಗೆ ಆಗ 18 ವರ್ಷ. ಆ ಟೇಬಲ್ಲಿಗೆ ಕೂತಾಗ ಇಬ್ಬರಿಗೂ ಒಬ್ಬರ ಆಟ ಇನ್ನೊಬ್ಬರಿಗೆ ಪೂರ್ತಿ ಬಾಯಿಪಾಠ. ಅವನು ಯಾವ ಓಪನಿಂಗ್, ಅಂದರೆ ಆಟದ ಶುರುವಿನ ಯಾವ ನಡೆಗಳನ್ನು ಆಡುತ್ತಾನೆ, ಸಮಯ ಕಡಿಮೆಯಾದಾಗ ಏನು ಮಾಡುತ್ತಾನೆ, ಎಲ್ಲ ಗೊತ್ತು. ಅಂಥವರ ಎದುರು ಆಡುವುದು ಕಷ್ಟ. ಆ ಹೊತ್ತಿಗೆ ಆ ತಾಯಿ ಯಾರ ಕಡೆ ನೋಡಿರಬಹುದು ಅಂತ ಇಲ್ಲಿರುವ ಅಮ್ಮಂದಿರೇ ಹೇಳಬೇಕು.

ಮನೆಯೊಂದೇ ಸಾಕಾ? ಸಾಲದು. ಇಲ್ಲಿ ಸ್ವಲ್ಪ ಆ ದೇಶದ ಬಗ್ಗೆಯೂ ಹೇಳಬೇಕು. ಹಾಲೆಂಡಿನ ಜನಸಂಖ್ಯೆ ಸುಮಾರು 1.8 ಕೋಟಿ, ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಹಾಲೆಂಡಿಗೆ ವಿಶ್ವ ಚಾಂಪಿಯನ್ನೇ 1935ರಲ್ಲಿ ಸಿಕ್ಕಿದ್ದ. ಮ್ಯಾಕ್ಸ್ ಯೂವೆ, ಗಣಿತದ ಮೇಷ್ಟ್ರು. ಪಾಠ ಮಾಡಿಕೊಂಡೇ ಆಡುತ್ತಿದ್ದವರು ಆಗಿನ ವಿಶ್ವ ಚಾಂಪಿಯನ್ ಅಲೆಖೈನ್ ಅಂಥವರನ್ನು ಸೋಲಿಸಿಬಿಟ್ಟರು. ಎರಡು ವರ್ಷಕ್ಕೆ ಅಲೆಖೈನ್ ಕಿರೀಟ ವಾಪಸ್ ಪಡೆದ ಅನ್ನುವುದು ಬೇರೆ. ಆದರೆ ಆ ಗೆಲುವಿನಿಂದ ಇಡೀ ದೇಶಕ್ಕೆ ಚೆಸ್ ಹುಚ್ಚು ಹಿಡಿಯಿತು, ಊರೂರಿಗೆ ಕ್ಲಬ್ ಆಯಿತು. ಯೂವೆ ಮುಂದೆ 1970ರಿಂದ 1978ರವರೆಗೆ ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ಅಧ್ಯಕ್ಷರೂ ಆಗಿದ್ದರು, 1972ರ ಫಿಷರ್ ಮತ್ತು ಸ್ಪಾಸ್ಕಿ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ತಲೆನೋವೆಲ್ಲ ಇವರ ಕಾಲದ್ದೇ.

ಆ ಕ್ಲಬ್‌ಗಳಲ್ಲಿ ವಾರಕ್ಕೊಂದು ಸಂಜೆ. ಹತ್ತು ವರ್ಷದ ಹುಡುಗ ಎಪ್ಪತ್ತು ವರ್ಷದ ತಾತನ ಎದುರು ಕೂತು ಆಡುತ್ತಾನೆ, ಆಮೇಲೆ ಇಬ್ಬರೂ ಆಟವನ್ನು ಮತ್ತೆ ಜೋಡಿಸಿ ಎಲ್ಲಿ ತಪ್ಪಾಯ್ತು ಅಂತ ನೋಡುತ್ತಾರೆ. ನಿಮ್ಮ ಮಕ್ಕಳಲ್ಲಿ ಕೆಲವರು 'ಸ್ಟೆಪ್ಸ್' ಪುಸ್ತಕ ಮಾಡುತ್ತಿರಬಹುದು, ಹೌದಾ? ಸ್ಟೆಪ್ 1, ಸ್ಟೆಪ್ 2 ಅಂತ ತೆಳ್ಳಗಿನ ಪುಸ್ತಕಗಳು, ಪುಟ ತುಂಬ ಸಣ್ಣ ಸಣ್ಣ ಬೋರ್ಡ್ ಚಿತ್ರಗಳು. ಅದು ಹಾಲೆಂಡಿನದೇ. ರಾಬ್ ಬ್ರೂನಿಯಾ ಮತ್ತು ಕಾರ್ ವಾನ್ ವೈಗರ್‌ಡನ್ ಅನ್ನುವ ಇಬ್ಬರು ಸೇರಿ 1980ರ ದಶಕದಲ್ಲಿ ಮಾಡಿದ್ದು. ಮಗುವಿಗೆ ಒಂದು ಸಲಕ್ಕೆ ಒಂದೇ ವಿಷಯ, ಅದು ಕೈಗೆ ಕೂರುವ ತನಕ ಮುಂದಿನದಕ್ಕೆ ಹೋಗಬೇಡ ಅನ್ನುವುದು ಅದರ ಕ್ರಮ. ನಮ್ಮಲ್ಲಿ ಏನಾಗುತ್ತದೆ ಅಂದರೆ, ಆರು ತಿಂಗಳಲ್ಲಿ ಸ್ಟೆಪ್ 4 ಮುಗಿಸಿದ ಅಂತ ಹೇಳಿಕೊಳ್ಳುವುದೇ ಒಂದು ಹೆಮ್ಮೆ. ಸುಮ್ನೆ ಹೇಳಿದೆ, ಯಾರೂ ಬೇಜಾರು ಮಾಡ್ಕೋಬೇಡಿ.

ಈಗ ಗಿರಿ. ಆರಂಭದಲ್ಲಿ ಹೇಳಿದ ಪ್ರಶ್ನೆಗೆ ಉತ್ತರ: ಅಪ್ಪ ನೇಪಾಳದವರು, ಅಮ್ಮ ರಷ್ಯಾದವರು. ಹುಟ್ಟಿದ್ದು 1994ರ ಜೂನ್ 28ರಂದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಅಪ್ಪ ಜಲ ಸಂಶೋಧಕರು, ನದಿ ಹೇಗೆ ಹರಿಯುತ್ತದೆ, ಪ್ರವಾಹ ಹೇಗೆ ಬರುತ್ತದೆ ಅನ್ನುವ ವಿದ್ಯೆ. ಅವರ ಕೆಲಸದ ಹಿಂದೆ ಸಂಸಾರವೂ ಹೋಯಿತು. 2002ರಲ್ಲಿ ಜಪಾನಿನ ಸಪ್ಪೋರೋ. 2008ರಲ್ಲಿ ಹಾಲೆಂಡಿನ ರೈಸ್‌ವೈಕ್. ನೀರಿನ ಬಗ್ಗೆ ಓದಿದವರಿಗೆ ಹಾಲೆಂಡಿನಲ್ಲಿ ಕೆಲಸ ಇಲ್ಲದೆ ಇರುತ್ತದಾ, ದೇಶದ ಕಾಲು ಭಾಗಕ್ಕಿಂತ ಹೆಚ್ಚು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಹುಡುಗ ಹೊಸ ದೇಶಕ್ಕೆ ಬಂದು ಒಂದು ವರ್ಷ ಆಗುವಷ್ಟರಲ್ಲಿ, 2009ರ ಆರಂಭದಲ್ಲಿ, 14 ವರ್ಷ 7 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್. ಆಗ ಇಡೀ ಜಗತ್ತಿನಲ್ಲೇ ಅತಿ ಚಿಕ್ಕ ಗ್ರ್ಯಾಂಡ್‌ಮಾಸ್ಟರ್ ಅವನೇ. ಅದೇ ವರ್ಷ ಡಚ್ ಚಾಂಪಿಯನ್ ಕೂಡ. 2011ರಲ್ಲಿ ವೈಕ್ ಆನ್ ಜೀಯಲ್ಲಿ ಕಪ್ಪು ಕಾಯಿ ಹಿಡಿದು ಕಾರ್ಲ್‌ಸನ್‌ನನ್ನು 22 ನಡೆಯಲ್ಲಿ ಮುಗಿಸಿದ.

ಒಂದು ಕಡೆ ಮುತ್ತಜ್ಜನ ಕಾಲದ ಮನೆತನ, ಇನ್ನೊಂದು ಕಡೆ ಮೂರು ದೇಶ ಸುತ್ತಿ ಬಂದ ಸಂಸಾರ. ಒಬ್ಬನಿಗೆ ಮನೆ ತುಂಬ ಎದುರಾಳಿಗಳು, ಇನ್ನೊಬ್ಬನಿಗೆ ಪ್ರತಿ ಸಲ ಹೊಸ ಊರು, ಹೊಸ ಭಾಷೆ, ಹೊಸ ಕ್ಲಬ್. 2021ರ ಆ ಸಂಜೆ ಇಬ್ಬರೂ ಒಂದೇ ಬೋರ್ಡಿನ ಎದುರು ಬದುರು ಕೂತಿದ್ದರು, ಅಂಕವೂ ಸಮ. ರಕ್ತ ರಕ್ತ ಅನ್ನುವವರು ಗಿರಿಯನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ?

ಗಿರಿಯ ಬಗ್ಗೆ ಒಂದು ತಮಾಷೆ ಚಾಲ್ತಿಯಲ್ಲಿದೆ, ಅವನು ಬರೀ ಡ್ರಾ ಮಾಡುತ್ತಾನೆ ಅಂತ. 2016ರ ಕ್ಯಾಂಡಿಡೇಟ್ಸ್‌ನಲ್ಲಿ, ಅಂದರೆ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವನನ್ನು ಆರಿಸುವ ಟೂರ್ನಿಯಲ್ಲಿ, 14ಕ್ಕೆ 14 ಆಟವೂ ಡ್ರಾ ಆಗಿದ್ದು ನಿಜ. ಆದರೆ ಜಗತ್ತಿನ ಎಂಟು ಜನ ಅತಿ ಬಲಶಾಲಿಗಳ ಟೂರ್ನಿಯಲ್ಲಿ ಒಂದೂ ಆಟ ಸೋಲದೆ ಬರುವುದು ಎಷ್ಟು ಕಷ್ಟ ಅಂತ ನಗುವವರಿಗೆ ಗೊತ್ತಿಲ್ಲ. ಅವನೂ ಜಾಲತಾಣದಲ್ಲಿ ತನ್ನನ್ನೇ ಗೇಲಿ ಮಾಡಿಕೊಂಡು ಎಲ್ಲರ ಬಾಯಿ ಮುಚ್ಚಿಸಿದ್ದಾನೆ. ಹೆಂಡತಿ ಸೋಪಿಕೋ ಗುರಾಮಿಶ್ವಿಲಿ ಜಾರ್ಜಿಯಾದ ಅಂತಾರಾಷ್ಟ್ರೀಯ ಮಾಸ್ಟರ್. ಅಂದರೆ ಆ ಮನೆಯಲ್ಲೂ ಈಗ ಬೋರ್ಡ್ ಎತ್ತಿಡುವ ಮಾತಿಲ್ಲ.

ಯೋರ್ಡನ್‌ಗೆ ವಾಪಸ್ ಬರುತ್ತೇನೆ. ಟಾಟಾ ಸ್ಟೀಲ್ ಗೆದ್ದ ವರ್ಷವೇ ಅವನಿಗೆ ಇನ್ನೊಂದು ಕೆಲಸ ಸಿಕ್ಕಿತು. 2021ರ ಕೊನೆಗೆ ದುಬೈನಲ್ಲಿ ಕಾರ್ಲ್‌ಸನ್ ಮತ್ತು ನೆಪೋಮ್ನಿಯಾಷಿ ನಡುವೆ ವಿಶ್ವ ಚಾಂಪಿಯನ್‌ಷಿಪ್. ಕಾರ್ಲ್‌ಸನ್‌ನ ಸಹಾಯಕರ ತಂಡದಲ್ಲಿ ಯೋರ್ಡನ್ ಇದ್ದ. ಚೆಸ್‌ನಲ್ಲಿ ಇವರನ್ನು 'ಸೆಕೆಂಡ್' ಅನ್ನುತ್ತಾರೆ. ಪಂದ್ಯ ಮುಗಿಯುವವರೆಗೆ ಇವರ ಹೆಸರನ್ನೂ ಗುಟ್ಟಾಗಿ ಇಡುವುದುಂಟು. ಇವರ ಕೆಲಸ ಏನು? ರಾತ್ರಿಯೆಲ್ಲ ಕಂಪ್ಯೂಟರ್ ಎದುರು ಕೂತು ಓಪನಿಂಗ್ ಹುಡುಕುವುದು. ಕಂಪ್ಯೂಟರ್ ತೋರಿಸುವ ಅತ್ಯುತ್ತಮ ನಡೆ ಎದುರಾಳಿಗೂ ಗೊತ್ತಿರುತ್ತದೆ, ಅವನ ಹತ್ತಿರವೂ ಅದೇ ಎಂಜಿನ್ ಇದೆ. ಹಾಗಾಗಿ ಎರಡನೆಯದೋ ಮೂರನೆಯದೋ ನಡೆ ತೆಗೆದುಕೊಂಡು, ಸ್ವಲ್ಪ ವಿಚಿತ್ರವಾಗಿದ್ದರೂ ಮುರಿಯದೆ ನಿಲ್ಲುತ್ತದಾ, ಬೋರ್ಡ್ ಎದುರು ಕೂತ ಮನುಷ್ಯನಿಗೆ ಗಲಿಬಿಲಿ ಆಗುತ್ತದಾ ಅಂತ ನೋಡಬೇಕು. ಬೆಳಗ್ಗೆ ಕಾರ್ಲ್‌ಸನ್ ಎದ್ದಾಗ ಅದು ಎರಡು ಪುಟದಲ್ಲಿ ತಯಾರಿರಬೇಕು. ಅವನು ಅದನ್ನು ಆಡದೆಯೂ ಇರಬಹುದು, ಆಗ ರಾತ್ರಿಯ ನಿದ್ದೆ ನೀರಲ್ಲಿ ಹೋಮ. ಆ ಪಂದ್ಯದ ಆರನೇ ಆಟ 136 ನಡೆ ಹೋಯಿತು, ಸುಮಾರು ಎಂಟು ಗಂಟೆ ಹಿಡಿಯಿತು. ಕಾರ್ಲ್‌ಸನ್ ಅದನ್ನು ಗೆದ್ದ, ಆಮೇಲೆ ನೆಪೋಮ್ನಿಯಾಷಿ ಚೇತರಿಸಿಕೊಳ್ಳಲೇ ಇಲ್ಲ.

ವಿಶ್ವ ಚಾಂಪಿಯನ್ ತನ್ನ ತಯಾರಿಗೆ ಯಾರನ್ನು ಕರೆಯುತ್ತಾನೆ ಅನ್ನುವುದು ರೇಟಿಂಗ್ ಪಟ್ಟಿಗಿಂತ ಜಾಸ್ತಿ ಹೇಳುತ್ತದೆ ಅಂತ ನನಗೆ ಅನ್ನಿಸುತ್ತದೆ. ಯೋರ್ಡನ್‌ನ ಓಪನಿಂಗ್ ತಲೆ ಅಂಥದ್ದು.

ಇನ್ನು ಆ ಇಬ್ಬರ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಗಿರಿಗೆ ವೈಕ್ ಆನ್ ಜೀ ಒಂದು ಗೋಳಾಗಿತ್ತು. 2018ರಲ್ಲಿ ಕಾರ್ಲ್‌ಸನ್ ಜತೆ ಸಮ ಬಂದು ಟೈಬ್ರೇಕ್‌ನಲ್ಲಿ ಸೋತ, 2021ರಲ್ಲಿ ಯೋರ್ಡನ್‌ಗೆ ಸೋತ. 2023ರಲ್ಲಿ ಮತ್ತೆ ಹತ್ತಿರ ಬಂದ. ಕಾರ್ಲ್‌ಸನ್‌ನನ್ನು ಸೋಲಿಸಿದ, ನಮ್ಮ ಗುಕೇಶ್‌ನನ್ನು ಸೋಲಿಸಿದ, ಆದರೂ ಕೊನೆಯ ಸುತ್ತಿಗೆ ಮುಂಚೆ ಉಜ್ಬೆಕಿಸ್ತಾನದ ಅಬ್ದುಸತ್ತೋರೊವ್ ಅರ್ಧ ಅಂಕ ಮುಂದಿದ್ದ. ಕೊನೆಯ ದಿನ ಗಿರಿ ರಾಪೋರ್ಟ್ ಎದುರು ಗೆದ್ದ. ಆದರೆ ಅಷ್ಟೇ ಸಾಲದು, ಅಬ್ದುಸತ್ತೋರೊವ್‌ನನ್ನು ಯಾರಾದರೂ ಸೋಲಿಸಬೇಕಿತ್ತು. ಅವತ್ತು ಅವನ ಎದುರಾಳಿ ಯಾರು? ಯೋರ್ಡನ್. ಸೋಲಿಸಿಯೇಬಿಟ್ಟ! ಎರಡು ವರ್ಷದ ಹಿಂದೆ ಕೈಯಿಂದ ಕಿತ್ತುಕೊಂಡ ಪ್ರಶಸ್ತಿಯನ್ನು ಅವನೇ ಗಿರಿಯ ಕೈಗೆ ಕೊಟ್ಟ ಹಾಗಾಯಿತು. ಅದರ ಹಿಂದಿನ ವರ್ಷ, 2022ರಲ್ಲಿ, ನಮ್ಮ ಚೆನ್ನೈ ಒಲಿಂಪಿಯಾಡ್‌ಗೆ ಇಬ್ಬರೂ ಒಂದೇ ತಂಡದಲ್ಲಿ ಬಂದಿದ್ದರು.

ಗಿರಿ 2025ರಲ್ಲಿ ಸಮರ್ಕಂಡ್‌ನ ಗ್ರ್ಯಾಂಡ್ ಸ್ವಿಸ್ ಗೆದ್ದು ಮತ್ತೊಮ್ಮೆ ಕ್ಯಾಂಡಿಡೇಟ್ಸ್‌ಗೆ ಅರ್ಹನಾದ. ಯೋರ್ಡನ್ ಅಲ್ಲಿಗೆ ಇನ್ನೂ ತಲುಪಿಲ್ಲ. ತಲುಪುತ್ತಾನಾ? ಅವನು ದೊಡ್ಡ ದಿನ ಯಾರನ್ನು ಬೇಕಾದರೂ ಹೊಡೆಯುತ್ತಾನೆ, ಮರುದಿನ ಸುಲಭದ ಆಟವನ್ನೂ ಕೈಬಿಡುತ್ತಾನೆ. ಕ್ಯಾಂಡಿಡೇಟ್ಸ್‌ಗೆ ದಾರಿ ಇರುವುದು ವರ್ಷವಿಡೀ ಒಂದೇ ಸಮ ಆಡುವವರಿಗೆ. ನಾನು ಬಾಜಿ ಕಟ್ಟುವುದಿದ್ದರೆ ಅವನಿಗಿಂತ ಮೊದಲು ಆ ಮನೆಯ ಬೇರೆ ಯಾರ ಮೇಲಾದರೂ ಕಟ್ಟಲೇ ಅಂತ ಒಮ್ಮೊಮ್ಮೆ ಯೋಚಿಸುತ್ತೇನೆ, ಆಮೇಲೆ 2021ರಲ್ಲಿ ಅವನ ಮೇಲೆ ಯಾರೂ ಕಟ್ಟಿರಲಿಲ್ಲ ಅನ್ನುವುದು ನೆನಪಾಗಿ ಸುಮ್ಮನಾಗುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ, ಮಕ್ಕಳು ಮೊದಲು.